ಗೊಗ್ಗಯ್ಯನ ಬಿಕ್ಕಳಿಕೆ, ದೇಮವ್ವನ ಜವೆಗಳ್ಳು

ಒಂದೊಂದು ಕಾಳಿನೊಳಗೂ ಒಂದೊಂದು ಮೊಳಕೆಯನ್ನು ಮಲಗಿಸಿ, ಕಾಲ ಬಂದಾಗ ತಟ್ಟಿ ಎಬ್ಬಿಸುವ ತಾಯಿ ಅನ್ನಪೂರ್ಣೆಗೆ ಶರಣು. ಅವಳ ನೆನಪಿನಲ್ಲಿ ಈ ಕತೆ.

ಬಹಳ ಹಿಂದೆ, ಹೊಂದೆನೆ ಎಂಬ ರಾಜ್ಯದಲ್ಲಿ ಮಾಚೋಜ ಎಂಬ ಕಂಚುಗಾರನಿದ್ದ. ಅವನ ಹೆಂಡತಿ ದೇಮವ್ವ ಜವೆಗೋಧಿಯ ಕಳ್ಳು ಮಾಡುತ್ತಿದ್ದಳು. ಮಾಡುತ್ತಿದ್ದುದು ಮಣ್ಣಿನ ಮಡಕೆಯಲ್ಲಿ; ಸಿಹಿ ಸಾಲದೆಂದು ಬೆಲ್ಲ ಸುರಿಯುತ್ತಿದ್ದಳು. ಹೆಂಡತಿಯ ಮೇಲಿನ ಅಕ್ಕರೆಗೆ ಮಾಚೋಜ ತಾಮ್ರದ ದೊಡ್ಡ ಹಂಡೆಯೊಂದನ್ನು ಬಡಿದ. ತಳದಲ್ಲಿ ಜರಡಿ, ಬದಿಯಲ್ಲಿ ನಲ್ಲಿ.

ಹಂಡೆಯ ಹೊಳಪು ಕಂಡು ಮಾಂತ್ರಿಕ ಗೊಗ್ಗಯ್ಯ ಬಂದ. "ನನಗೆ ಕೊಡು" ಎಂದ. ಮಾಚೋಜ ಕೊಡಲಿಲ್ಲ. ಗೊಗ್ಗಯ್ಯ ಬೂದಿ ಊದಿದ; ಮಾಚೋಜ ಕರಡಿಯಾದ. ಗೊಗ್ಗಯ್ಯ ದೇಮವ್ವನತ್ತ ತಿರುಗಿದ.

"ನಾನೇ ಹೆಸರು ಹಿಡಿದು ಕರೆದರೆ ಮಾತ್ರ ಇವನು ಮನುಷ್ಯನಾಗುತ್ತಾನೆ. ನಾನು ಯಾರ ಹೆಸರನ್ನೂ ಬಾಯಿಗೆ ತಂದವನಲ್ಲ. ಬೆಲ್ಲವಿಲ್ಲದೆ ಸಿಹಿಯಾದ, ಬಟ್ಟೆಯಲ್ಲಿ ಸೋಸದೆ ತಿಳಿಯಾದ, ಕಡೆಯದೆ ನೊರೆಯೇಳುವ ಕಳ್ಳು ಕುಡಿಸು, ಕರೆಯುತ್ತೇನೆ. ಹುಣ್ಣಿಮೆ ದಾಟಿತೋ, ಇವನು ಮಾತು ಮರೆತು ಕಾಡು ಸೇರುತ್ತಾನೆ."

ದೇಮವ್ವ ದೀಪ ಹಚ್ಚಿ ಕೈಮುಗಿದು, ಮೊಳಕೆ ಕಟ್ಟಿ ಒಣಗಿಸಿದ ಜವೆಯನ್ನು ತರಿತರಿಯಾಗಿ ಬೀಸಿದಳು. ಕುದಿನೀರು ಸುರಿದಳು. ಎಲ್ಲವೂ ಮುದ್ದೆಗಟ್ಟಿತು.

ಕರಡಿ ನೆಕ್ಕಿ ನೋಡಿತು. "ಗಂಜಿ ಚೆನ್ನಾಗಿದೆ. ಮನೇಲಿ ಬಾಣಂತಿ ಯಾರಾದ್ರೂ ಇದಾರಾ?"

ಎರಡನೆಯ ಸಲ ಅವಳು ಕುದಿನೀರು ಆರಲೆಂದು ಕಾದಳು. ಹಬೆ ಚದುರಿ ನೀರಿನಲ್ಲಿ ಮುಖ ಕಂಡಮೇಲೆ ಕಾಳು ಹಾಕಹೊರಟಳು. ಕರಡಿಯೂ ಇಣುಕಿತು.

"ನಿನ್ನ ಪಕ್ಕದಲ್ಲಿರೋ ಈ ಮೂತಿ ಯಾರದೇ?"

"ನನಗೆ ತಾಳಿ ಕಟ್ಟಿದ ಮೂತಿ. ಸುಮ್ಮನೆ ಕೂತ್ಕೊಳ್ಳಿ."

ಕಂಬಳಿ ಹೊದಿಸಿಟ್ಟ ಹಂಡೆಯಲ್ಲಿ ಸಂಜೆಗೆ ಕಾಳಿನ ಸಿಹಿಯೇ ತುಂಬಿತ್ತು. ಒಂದು ಷರತ್ತು ಗೆದ್ದಳು.

ನಲ್ಲಿ ತಿರುಗಿಸಿದರೆ ಬಗ್ಗಡ. ಕಲಕಲು ಸೌಟೆತ್ತಿದಳು. "ಕಲಕಬೇಡ ಕಣೇ, ತಳದಲ್ಲಿ ಕೂತ ಕಾಳಿನ ಹೊಟ್ಟೇ ಜರಡಿ" ಎಂದಿತು ಕರಡಿ. ಇಳಿದ ರಸವನ್ನು ಮೆಲ್ಲಗೆ ಮೇಲಿಂದ ಮತ್ತೆ ಸುರಿದಳು, ಮತ್ತೆ ಸುರಿದಳು. ಕೊನೆಗೆ ಹೊಂಬಣ್ಣದ ತಿಳಿ ಇಳಿಯಿತು. ಎರಡು ಗೆದ್ದಳು. ಕಹಿಗೆಂದು ಬೇವಿನ ಹೂ ಹಾಕಿ ಕುದಿಸಿ ಆರಿಸಿದಳು.

ನೊರೆ ಮಾತ್ರ ಏಳಲಿಲ್ಲ. ಫಳಫಳ ತಾಮ್ರದಲ್ಲಿ ಹುದುಗೆಲ್ಲಿಂದ ಬರಬೇಕು? ನೊರೆ ಎಬ್ಬಿಸುವ ಹುದುಗು ತಲೆಮಾರುಗಳಿಂದ ವಾಸವಾಗಿದ್ದುದು ಹಳೆಯ ಮಡಕೆಯ ಮೈಯಲ್ಲಿ. ಹೊಸದು ಬಂತೆಂದು ಅದನ್ನು ಹಿತ್ತಲಿಗೆ ಹಾಕಿದ್ದಳು. ಅದರಲ್ಲಿ ಕೋಳಿ ಕಾವಿಗೆ ಕೂತಿತ್ತು.

ದೇಮವ್ವ ಮಡಕೆಗೆ ಹಣೆ ಹಚ್ಚಿದಳು. "ತಾಯಿ, ತಾಮ್ರ ಬಂತೂಂತ ಮಣ್ಣು ಮರೆತೆ. ತಪ್ಪು ಹೊಟ್ಟೆಗೆ ಹಾಕ್ಕೋ."

"ಹಾಕ್ಕೋತೀನಿ. ಮೊದಲು ಈ ಕೋಳೀನ ಹೊರಗೆ ಹಾಕು" ಎಂದಿತು ಮಡಕೆ.

ಕೋಳಿಗೆ ಬುಟ್ಟಿಯಲ್ಲಿ ಜಾಗ ಮಾಡಿ, ಮಡಕೆ ತೊಳೆದು ರಸ ತುಂಬಿದಳು. ಹುಣ್ಣಿಮೆಯ ಬೆಳಗ್ಗೆ ನೊರೆ ಮಲ್ಲಿಗೆಯ ದಂಡೆಯಂತೆ ಅಂಚಿಗೆ ನಿಂತಿತ್ತು.

ಗೊಗ್ಗಯ್ಯ ಬಂದ. ದೇಮವ್ವ ಮೊದಲ ಬಟ್ಟಲನ್ನು ದೇವರ ಮುಂದಿಡುವಷ್ಟರಲ್ಲಿ ಅವನು ಮಡಕೆಯನ್ನೇ ಎತ್ತಿ ಗಟಗಟ ಕುಡಿದ.

"ಸಿಹಿ ಸರಿ, ತಿಳಿ ಸರಿ, ನೊರೆ ಸರಿ. ಹೆಸರು ಹೇಳೋದಿಲ್ಲ, ಹೋಗು."

ದೇಮವ್ವ ಕಣ್ಣುಮುಚ್ಚಿ ತಾಯಿಯನ್ನು ನೆನೆದಳು. ಆಗ ಗೊಗ್ಗಯ್ಯನಿಗೆ ಬಿಕ್ಕಳಿಕೆ ಬಂತು. ಒಂದಲ್ಲ, ಎರಡಲ್ಲ, ಎಲುಬೆಲ್ಲ ಕುಲುಕುವ ಬಿಕ್ಕಳಿಕೆ. ನೀರು ಕುಡಿದ, ಉಸಿರು ಕಟ್ಟಿದ, ನಿಲ್ಲಲಿಲ್ಲ.

"ಯಾರೋ ನೆನೆಸ್ಕೋತಿದಾರೆ ಸ್ವಾಮಿ. ಯಾರೂಂತ ಹೆಸರು ಹೇಳಿದ್ರೆ ನಿಲ್ಲುತ್ತೆ" ಎಂದಿತು ಕರಡಿ.

"ನನ್ನನ್ನು... ಬಿಕ್... ಯಾರು ನೆನೀತಾರೆ?"

"ನೀವು ಮಾಯೆ ಮಾಡಿದೋರು ದಿನಾ ನೆನೀತಾರೆ. ಬಾಯ್ತುಂಬ."

ತಡೆಯಲಾರದೆ ಗೊಗ್ಗಯ್ಯ "ಚಿಕ್ಕಬೊಮ್ಮ" ಎಂದ. ಕೊಳದ ಕಪ್ಪೆ ಕಾವಲುಗಾರನಾಗಿ ಎದ್ದು ನಿಂತ. ಬಿಕ್ಕಳಿಕೆ ನಿಲ್ಲಲಿಲ್ಲ. "ಹೊನ್ನಲದೇವಿ" ಎಂದ. ಮರದ ಗೂಬೆ ರಾಜಕುಮಾರಿಯಾಗಿ ಕೊಂಬೆಯಿಂದ ಇಳಿದಳು. ಬಿಕ್ಕಳಿಕೆ ನಿಲ್ಲಲಿಲ್ಲ. ಒಬ್ಬೊಬ್ಬರನ್ನೇ ಕರೆದ, ಕರೆದ. ಕೊನೆಗೆ ಉಳಿದದ್ದು ಒಂದೇ ಹೆಸರು.

"ಮಾಚೋಜ."

ಕರಡಿಯ ತೊಗಲು ಕಂಬಳಿಯಂತೆ ಜಾರಿಬಿತ್ತು. ಬಿಕ್ಕಳಿಕೆ ನಿಂತಿತು. ಹೆಸರುಗಳ ಜೊತೆಗೆ ಮಾಯೆಯೂ ತೀರಿಹೋಗಿ, ಅಂಗಳದಲ್ಲಿ ಗೊಗ್ಗಯ್ಯ ಸುಸ್ತಾದ ಒಬ್ಬ ಮುದುಕನಾಗಿ ಕೂತಿದ್ದ.

ದೇಮವ್ವ ಉಳಿದ ಬಟ್ಟಲನ್ನು ತಾಯಿಗೆ ಎಡೆಯಿಟ್ಟು, ಗಂಡನಿಗೊಂದು ಗುಟುಕು, ಮುದುಕನಿಗೊಂದು ಗುಟುಕು ಕೊಟ್ಟಳು. "ಈ ಸಲ ನಿಧಾನಕ್ಕೆ ಕುಡಿ ತಾತ" ಎಂದಳು. ರಾಜಕುಮಾರಿ ಅರಮನೆ ಸೇರಿದಳು, ಮುದುಕ ಒಲೆಯ ಬೆಂಕಿ ನೋಡಿಕೊಂಡು ಅಲ್ಲೇ ಉಳಿದ, ಎಲ್ಲರೂ ಸುಖವಾಗಿ ಬಾಳಿದರು.

ಈ ಕತೆ ಕೇಳಿದವರ ಕಣಜ ತುಂಬಿರಲಿ. ಅವರನ್ನು ಪ್ರೀತಿಯಿಂದ ಹೆಸರು ಹಿಡಿದು ಕರೆಯುವವರು ಮನೆತುಂಬ ಇರಲಿ. ತಾಯಿ ಎಲ್ಲರನ್ನೂ ಕಾಯಲಿ.