ಪರದೆಯ ಆಚೆಗಿನ ದನಿ

ಪಾರ್ಶ್ವವಾಯು ಬಡಿದು ಅಮ್ಮನ ಮಾತು ನಿಂತುಹೋದ ಮೇಲೆ ಅವಳನ್ನು ಕನ್ಯಾಸ್ತ್ರೀಯರು ನಡೆಸುವ ಆಸ್ಪತ್ರೆಗೆ ಸೇರಿಸಿದ್ದೆವು. ಅಲ್ಲಿನ ವಯಸ್ಸಾದ ನರ್ಸ್ ಸಿಸ್ಟರ್ ಪ್ರತಿದಿನ ಬೆಳಿಗ್ಗೆ ಪರದೆ ಎಳೆದುಕೊಂಡು ಅವಳ ಮೈ ಒರೆಸುತ್ತಿದ್ದರು. ಬೆನ್ನ ಹುಣ್ಣಿಗಾಗಲಿ, ಮಲಮೂತ್ರಕ್ಕಾಗಲಿ ಮುಖ ಸಿಂಡರಿಸಿದವರಲ್ಲ. ಅಷ್ಟೊಂದು ಒಳ್ಳೆಯತನವೇ ನನಗೆ ಅನುಮಾನ ಹುಟ್ಟಿಸಿತ್ತು.

ಒಂದು ದಿನ ಪರದೆಯ ಹೊರಗೆ ನಿಂತಿದ್ದಾಗ ಒಳಗಿನಿಂದ ಅಮ್ಮನ ದನಿ ಕೇಳಿಸಿತು. ನೀರು ತೀರಾ ಬಿಸಿಯಾಯಿತೆಂದು ನಗುತ್ತಾ ಗೊಣಗುತ್ತಿದ್ದಳು. ಪರದೆ ಸರಿಸಿದರೆ ಅಮ್ಮ ಸೂರು ನೋಡುತ್ತಾ ಸುಮ್ಮನೆ ಮಲಗಿದ್ದಳು.

“ಅಮ್ಮನ ದನಿ ಅಣಕಿಸ್ತಿದೀರಾ ಸಿಸ್ಟರ್?” ಎಂದು ರೇಗಿದೆ.

“ನಾನೆಲ್ಲಿ ಮಾತಾಡಿದೆ ಮಗಳೇ? ಅವರು ಹೇಳ್ತಾರೆ, ನಾನು ಕೇಳಿಸ್ಕೋತೀನಿ, ಅಷ್ಟೇ,” ಎಂದು ಅವರು ಒದ್ದೆ ಬಟ್ಟೆ ಹಿಂಡಿದರು.

ಮಾರನೆಯ ದಿನ ಚಿಕ್ಕಮ್ಮನನ್ನು ಹೊರಗೆ ನಿಲ್ಲಿಸಿ ನಾನು ಪರದೆಯ ಒಳಗೇ ನಿಂತೆ. ಸಿಸ್ಟರ್ ತುಟಿ ಬಿಚ್ಚದೆ ಅಮ್ಮನ ಬೆರಳ ಸಂದುಗಳನ್ನು ಒರೆಸಿದರು, ನಡುನಡುವೆ ಹೌದೆಂಬಂತೆ ತಲೆಯಾಡಿಸಿದರು. ಅಮ್ಮನ ತುಟಿ ಅಲುಗಲಿಲ್ಲ. ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ನನಗೇನೂ ಕೇಳಿಸಲಿಲ್ಲ.

ಹೊರಗೆ ಬಂದರೆ ಚಿಕ್ಕಮ್ಮ ಗೋಡೆ ಹಿಡಿದುಕೊಂಡು ಅಳುತ್ತಿದ್ದಳು.

“ಅಕ್ಕ ಎಷ್ಟು ಚೆನ್ನಾಗಿ ಮಾತಾಡಿದ್ಲಲ್ಲೇ!”

“ಏನಂದ್ಲು?”

“‘ಮೆಲ್ಲಗೆ ಹೇಳ್ತೀನಿ ಸಿಸ್ಟರ್, ಮಗಳು ಇಲ್ಲೇ ನಿಂತಿದಾಳೆ’ ಅಂದ್ಲು.”

ಅಮ್ಮ ಇನ್ನೂ ಕೆಲವು ವಾರ ಬದುಕಿದ್ದಳು. ನಾನೂ ಚಿಕ್ಕಮ್ಮನೂ ದಿನಾ ಪರದೆಯ ಹೊರಗೆ ಒಟ್ಟಿಗೇ ನಿಲ್ಲುತ್ತಿದ್ದೆವು. ಚಿಕ್ಕಮ್ಮನಿಗೆ ಪ್ರತಿ ಮಾತೂ ಕೇಳಿಸುತ್ತಿತ್ತು. ನನಗೆ ಮತ್ತೆಂದೂ ಕೇಳಿಸಲಿಲ್ಲ.