ಕಳಲೆ ವಾಸನೆ

“ಹತ್ರ ಬಂದ್ರೆ ಹಚ್ತೀನಿ,” ಎಂದ ಬಾಲು.

ಅವನ ಬಲಗೈಯಲ್ಲಿ ಲೈಟರ್. ಎಡಗೈ ಸಿಎನ್‌ಜಿ ಸಿಲಿಂಡರಿನ ವಾಲ್ವ್ ಮೇಲೆ. ಗ್ಯಾಸ್ ಬುಸುಗುಟ್ಟುತ್ತಿತ್ತು...

ಸಾಗರದ ಹೊರವಲಯದಲ್ಲಿದ್ದ ಆ ತಗಡಿನ ಶೆಡ್ಡಿಗೆ ಒಂದೇ ಬಾಗಿಲು. ಅದಕ್ಕೆ ಅಡ್ಡವಾಗಿ ನಿಂತವನು ನಾನು!

ಇನ್ಶೂರೆನ್ಸ್ ಕಂಪನಿಯ ಪರವಾಗಿ ಗಾಡಿ ಅಪಘಾತಗಳನ್ನು ತನಿಖೆ ಮಾಡುವುದು ನನ್ನ ಕೆಲಸ. ಹಿಂದಿನ ವಾರ ತೀರ್ಥಹಳ್ಳಿ ಹತ್ತಿರ ಒಂದು ಟ್ಯಾಕ್ಸಿ ಸಿಡಿದಿತ್ತು. ಓಡಿಸುತ್ತಿದ್ದ ಅರಳಸುರಳಿಯ ಸುರೇಂದ್ರ ಬದುಕಲಿಲ್ಲ. ಆ ಗಾಡಿಗೆ ಗ್ಯಾಸ್ ಟ್ಯಾಂಕ್ ಕೂರಿಸಿದವನು ಇದೇ ಬಾಲು.

ನಿಮಗೆ ಗೊತ್ತಲ್ಲ, ಪೆಟ್ರೋಲ್ ನೂರು ದಾಟಿದ ಮೇಲೆ ನಮ್ಮ ಕಡೆಯ ಟ್ಯಾಕ್ಸಿಯವರಿಗೆ ಗ್ಯಾಸೇ ಗತಿಯಾಯಿತು. ಒಂದಿಷ್ಟು ಉಳಿಯಿತು. ಆಮೇಲೆ ಗ್ಯಾಸಿನ ರೇಟೂ ಏರಿತು. ಉಳಿತಾಯ ಕರಗಿತು. ಗಾಡಿಯನ್ನು ಗ್ಯಾಸಿಗೆ ಬದಲಿಸುವ ಕಿಟ್ಟಿನ ಬೆಲೆ ಮಾತ್ರ ಇಳಿಯಲಿಲ್ಲ. ಬಾಲು ಗುಜರಿ ಟ್ಯಾಂಕಿಗೆ ಬಣ್ಣ ಬಳಿದು ಅರ್ಧ ಬೆಲೆಗೆ ಕೂರಿಸುತ್ತಿದ್ದ. ಜನ ಅವನಿಗೆ ಕೈ ಮುಗಿಯುತ್ತಿದ್ದರು.

ಬಾಗಿಲ ಬಳಿ ಬಕೆಟ್‌ನಲ್ಲಿ ನೀರಿತ್ತು. ಎತ್ತಿ ಅವನ ಮೇಲೆ ಎಸೆದೆ. ಲೈಟರ್ ಒದ್ದೆಯಾಯಿತು. ಮೇಲೆ ಬಿದ್ದು ವಾಲ್ವ್ ತಿರುಗಿಸಿದೆ. ಆಮೇಲೆ ಅವನ ಕೆನ್ನೆಗೂ ಒಂದು ಬಿಟ್ಟೆ.

“ಸುರೇಂದ್ರನ ಟ್ಯಾಂಕ್ ಬಂದ ಲಾಟಿನದ್ದು ಇನ್ನೆಷ್ಟು ಹಾಕಿದ್ದೀಯೋ?”

“ಇನ್ನೊಂದೇ ಸಾರ್... ನಿಟ್ಟೂರಿನ ದುರ್ಗೇಶಣ್ಣನ ಓಮ್ನಿಗೆ.”

ಫೋನ್ ಮಾಡಿಸಿದೆ, ಸಿಗಲಿಲ್ಲ. ನಿಟ್ಟೂರಿನಲ್ಲಿ ರೇಂಜ್ ಸಿಗುವುದೇ ಅಪರೂಪ. ಅಂದು ಹೊಸನಗರದ ಸಂತೆ. ದುರ್ಗೇಶ ತಾಯಿ ತುಂಗಮ್ಮನನ್ನು ಕೂರಿಸಿಕೊಂಡು ಬರುತ್ತಾನೆ ಎಂದ ಬಾಲು. ಅವನನ್ನು ಜೀಪಿಗೆ ತಳ್ಳಿದೆ. ಹೊಸನಗರ ದಾಟಿ ನಿಟ್ಟೂರಿನ ದಾರಿ ಹಿಡಿದೆ. ಮಳೆ ಜೋರಾಗಿತ್ತು. ವೈಪರ್ ಸೋತಿತ್ತು.

ನಗರ ಎಂಬ ಹಳ್ಳಿ ದಾಟಿದ ಮೇಲೆ ಎದುರಿಗೆ ಬಂತು, ಬಿಳಿ ಓಮ್ನಿ. ಗ್ಲಾಸುಗಳೆಲ್ಲ ಮುಚ್ಚಿದ್ದವು!

ಜೀಪು ಅಡ್ಡ ಹಾಕಿದೆ. ಆಫ್ ಮಾಡೋ, ಇಳಿಯೋ ಎಂದು ಅಬ್ಬರಿಸಿದೆ. ನನ್ನ ಬಾಯಿ ಯಾವತ್ತೂ ಅಂಥದ್ದೇ. ದುರ್ಗೇಶನ ಕಿಟ್ಟಿಗೆ ಯಾವ ದಾಖಲೆಯೂ ಇರಲಿಲ್ಲ. ನನ್ನನ್ನು ಆರ್‌ಟಿಓದವನು ಎಂದುಕೊಂಡ. ಚರಂಡಿಯ ಅಂಚಿಗೆ ಚಕ್ರ ಹತ್ತಿಸಿ ಜೀಪನ್ನು ಸವರಿಕೊಂಡು ಹಾರಿಹೋದ!

ನಾನು ಜೀಪು ತಿರುಗಿಸಿ ಹಿಂದೆ ಬಿದ್ದೆ.

ಹಾರನ್ ಹೊಡೆದಷ್ಟೂ ಅವನ ವೇಗ ಹೆಚ್ಚಿತು. ತಿರುವಿನಲ್ಲಿ ಓಮ್ನಿ ಜಾರಿತು, ಮತ್ತೆ ನೆಟ್ಟಗಾಯಿತು. ಹಿಂದಿನ ಗಾಜಿನಲ್ಲಿ ತುಂಗಮ್ಮನ ನರೆತಲೆ ಅತ್ತಿತ್ತ ಓಲಾಡುತ್ತಿತ್ತು...

ಕೊನೆಗೂ ಫೋನಿಗೆ ರೇಂಜ್ ಬಂತು. ಬಾಲು ದುರ್ಗೇಶನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ.

“ದುರ್ಗೇಶಣ್ಣ, ನಿಲ್ಸು. ಇವ್ರು ಆರ್‌ಟಿಓದವರಲ್ಲ. ನಾ ಹಾಕಿದ ಟ್ಯಾಂಕ್ ಸರಿ ಇಲ್ಲ. ಗ್ಯಾಸ್ ವಾಸ್ನೆ ಬರ್ತಿದ್ಯಾ?”

“ಎಂತ ಗ್ಯಾಸಾ ಮಾರಾಯ. ಅಮ್ಮನ ಕಳಲೆ ಬಕೆಟ್ ಇದೆ ಹಿಂದೆ. ಅದ್ರ ವಾಸ್ನೆಗೆ ತಲೆ ತಿರುಗ್ತಿದೆ.”

ಕಹಿ ಹೋಗಲೆಂದು ಎಳೆ ಬಿದಿರನ್ನು ದಿನಗಟ್ಟಲೆ ನೀರಿನಲ್ಲಿ ನೆನೆಹಾಕುವ ಊರು ನಮ್ಮದು. ಆ ನೀರಿನ ನಾತವೂ ಗ್ಯಾಸಿನ ನಾತವೂ ಒಂದೇ ಥರ, ಅದು ಗೊತ್ತಿದ್ದವನು ಮೂಗನ್ನು ನಂಬಬಾರದು.

ಫೋನ್ ಕಸಿದುಕೊಂಡು ಹೇಳಿದೆ, ನಿಲ್ಲಿಸಪ್ಪಾ, ತಾಯಿಯನ್ನು ಇಳಿಸು, ನೀನೂ ದೂರ ಹೋಗು. ಆ ದಿನ ನಾನು ಮೆತ್ತಗೆ ಮಾತಾಡಿದ್ದು ಅದೊಂದೇ ಸಲ.

ಓಮ್ನಿ ನಿಂತಿತು.

ದೂರದಲ್ಲೇ ಜೀಪು ನಿಲ್ಲಿಸಿ ಫೋನ್ ಹಿಡಿದೇ ಓಡಿದೆ. ದುರ್ಗೇಶ ತಾಯಿಯನ್ನು ಕೈಹಿಡಿದು ಇಳಿಸಿ ಮರದ ಕೆಳಗೆ ನಿಲ್ಲಿಸಿದ. ಬಕೆಟ್ ತಂದು ಅವಳ ಕಾಲ ಬಳಿ ಇಟ್ಟ. ಅಷ್ಟಕ್ಕೇ ನಿಂತಿದ್ದರೆ ಸಾಕಿತ್ತು... ಬಕೆಟ್ ಇಳಿಸಿದ ಮೇಲೂ ವಾಸನೆ ಇದೆಯೇ ಎಂದು ನೋಡಲು ಮತ್ತೆ ಒಳಗೆ ಕೂತ. ಮಳೆಗೆ ಬಾಗಿಲು ಎಳೆದುಕೊಂಡ.

“ಹೌದು ಸಾರ್,” ಎಂದ ಫೋನಿನಲ್ಲಿ. “ಇನ್ನೂ ಬರ್ತಿದೆ. ತಡೀರಿ, ಫ್ಯಾನ್ ಹಾಕ್ತೀನಿ.”

ಬೇಡ ಎನ್ನುವುದರೊಳಗೆ ಸ್ವಿಚ್ ಒತ್ತಿದ್ದ!

ಸ್ವಿಚ್ಚಿನ ಕಿಡಿಗೆ ಗ್ಲಾಸುಗಳೆಲ್ಲ ಒಟ್ಟಿಗೆ ಹೊರಗೆ ಹಾರಿದವು. ಬೆಂಕಿಗೆ ಮಳೆ ಲೆಕ್ಕಕ್ಕೇ ಇರಲಿಲ್ಲ. ಬಾಗಿಲು ಕಿತ್ತು ಅವನನ್ನು ಹೊರಗೆಳೆದವರು ನಾನು ಮತ್ತು ಬಾಲು. ಬಾಲುವಿನ ಅಂಗೈ ಸುಲಿದುಹೋಯಿತು, ಆದರೂ ಬಿಡಲಿಲ್ಲ.

ಆಂಬುಲೆನ್ಸ್ ಬರುವ ಮೊದಲೇ ದುರ್ಗೇಶ ಹೋಗಿದ್ದ.

ತುಂಗಮ್ಮ ಅಳಲಿಲ್ಲ. ಮಗನ ತಲೆ ತೊಡೆಯ ಮೇಲಿಟ್ಟುಕೊಂಡು ಮಳೆಯಲ್ಲೇ ಕೂತಿದ್ದಳು.

“ಬಕೆಟ್ ನಿನ್ನೆ ಸಂಜೆನೇ ಗಾಡಿಗೆ ಇಟ್ಟಿದ್ದೆ,” ಎಂದಳು. “ಎಂತದೋ ನಾರ್ತದೆ ಅಮ್ಮ ಅಂದ. ಕಳಲೆ ನಾರದೆ ಘಮ್ಮಂತದಾ ಅಂತ ಬೈದೆ ನಾನು.”

ನನ್ನ ಬಾಯಿಗೆ ಬೈಗುಳ ಬಿಟ್ಟು ಬೇರೆ ಮಾತು ಬರುವುದು ಕಷ್ಟ. ಪಕ್ಕದಲ್ಲಿ ಕೂತೆ. ಅಷ್ಟೇ.

ಬಾಲುವನ್ನು ಪೊಲೀಸರು ಕರೆದೊಯ್ದರು. ತಿಥಿಯ ಮರುದಿನ ಹೊಸನಗರದ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋದೆ. ಗ್ಯಾಸ್ ಗಾಡಿಗಳನ್ನು ಪರೀಕ್ಷೆ ಮಾಡಿಸಿ ಎಂದು ಒಬ್ಬೊಬ್ಬರಿಗೂ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಕೆಲವರು ಕಣ್ಣು ಒರೆಸಿಕೊಂಡರು.

ಹೊರಟಾಗ ದುರ್ಗೇಶನ ಗೆಳೆಯನೊಬ್ಬ ಹಿಂದೆಯೇ ಬಂದ. ದನಿ ತಗ್ಗಿಸಿದ.

“ಸಾರ್, ಬಾಲುಗೆ ಜಾಮೀನು ಯಾವಾಗ ಸಿಗ್ಬೋದು? ಆ ರೇಟಿಗೆ ಬೇರೆ ಯಾರೂ ಹಾಕಲ್ಲ.”

ಹೊಡೆಯಲು ಕೈ ಎತ್ತಿದೆ.

ಹೊಡೆಯಲಿಲ್ಲ. ಪೆಟ್ರೋಲ್ ರೇಟು ನೋಡಿ ನನ್ನ ಜೀಪನ್ನೂ ಟ್ಯಾಂಕ್ ತುಂಬಿಸದೆ ರಿಸರ್ವಿನಲ್ಲೇ ಓಡಿಸುತ್ತಿದ್ದೆ.