ಒಳಮುಖದ ಮುಳ್ಳುಬೇಲಿ

"ಬೆರಳು ಮಡಚು!"

ರಾವೂನಿ ಅಜ್ಜಿ ಕೂಗಿದ್ದಕ್ಕೆ ಸುಲುಫು ನಕ್ಕ. ಗುಡ್ಡದ ಮೇಲಿನ ಒಂಟಿ ಗೋರಿಯತ್ತ ಚಾಚಿದ ತೋರುಬೆರಳನ್ನು ಹಾಗೆಯೇ ಇಟ್ಟುಕೊಂಡ. ಗೋರಿಯನ್ನು ಮಡಚಿದ ಬೆರಳಿನ ಗೆಣ್ಣಿನಿಂದಲೇ ತೋರಿಸಬೇಕು, ನೆಟ್ಟಗೆ ಬೆರಳು ಚಾಚಬಾರದು ಎಂಬುದು ಅವನಿಗೂ ಗೊತ್ತಿತ್ತು. ರಾಜಧಾನಿ ಅಂತಾನಾನರಿವೊದ ಮನೆಯಲ್ಲಿ ಅವನ ತಾಯಿಯೂ ಹಾಗೆಯೇ ಮಾಡುತ್ತಿದ್ದಳು.

"ನಾನು ಗೋರಿ ತೋರಿಸ್ತಿಲ್ಲ ಅಜ್ಜಿ, ಅದರ ಸುತ್ತ ಇರೋ ಕಳ್ಳಿ ತೋರಿಸ್ತಿದೀನಿ. ಕಳ್ಳಿಗೂ ಸಿಟ್ಟು ಬರುತ್ತಾ?"

"ನಿನ್ನ ನಾಲಿಗೆಗೆ ಮುಳ್ಳು ಜಾಸ್ತಿ, ಅಳಿಯಪ್ಪ. ಆ ಬೇಲಿ ಮಾತ್ರ ಮುಟ್ಬೇಡ."

"ಯಾರದು ಗೋರಿ?"

"ಹೆಸರು ಹೇಳೋದೂ ಒಂದೇ, ಕರೆಯೋದೂ ಒಂದೇ." ಅಜ್ಜಿ ಸೊಪ್ಪು ಸೋಸುವುದಕ್ಕೆ ತಿರುಗಿದಳು.

ಏಳು ತಿಂಗಳ ಬಸುರಿ ಹೆಂಡತಿ ಲಾಂತುವಿಗೆ ಹೊಸ ಅಕ್ಕಿ ಒಯ್ಯಲು ಸುಲುಫು ಅವಳ ಅಜ್ಜಿಯಿದ್ದ ಈ ಊರಿಗೆ ಬಂದಿದ್ದ. ಫಿಯಾನಾರ್ ಪಟ್ಟಣದಲ್ಲಿ ಅವನದೊಂದು ಸಸಿ ಮಾರುವ ತೋಟ. ಕೆಂಪು ಹೂವಿನ ಕಳ್ಳಿ ಇಲ್ಲಿನ ಬಂಡೆಬಂಡೆಯಲ್ಲೂ ಸಿಗುತ್ತದೆ. ಗೋರಿಯ ಬೇಲಿಯದು ಮಾತ್ರ ತೆಳು ಹಳದಿ, ಬೆಣ್ಣೆಯ ಬಣ್ಣ.

ಮಧ್ಯಾಹ್ನ ಊರು ಮಲಗಿದಾಗ ಅವನು ಗುಡ್ಡ ಹತ್ತಿದ. ಉಳಿದ ಗೋರಿಗಳಿಂದ ದೂರ, ಇಲ್ಲಿ ಬೇರೆ ಯಾರನ್ನೂ ಹೂಳದ ಹಾಗೆ ತಲೆ ದಕ್ಷಿಣಕ್ಕಿಟ್ಟು ಹೂಳಿದ ಗೋರಿ ಅದು. ಕಳ್ಳಿಯ ಕೊಂಬೆಗಳನ್ನು ಒಳಮುಖವಾಗಿ ಬಗ್ಗಿಸಿ ನಾರಿನಿಂದ ಕಟ್ಟಿದ್ದರು. ದನ ತಡೆಯುವ ಬೇಲಿಗೆ ಮುಳ್ಳು ಹೊರಗಿರಬೇಕು. ದಡ್ಡರು, ಅಂದುಕೊಂಡ. ಒಂದೇ ಕಡೆಯಿಂದ ಏಳು ತುಂಡು ಕತ್ತರಿಸಿದ. ಅಲ್ಲಿ ಬೇಲಿ ಬಾಯಿ ತೆರೆಯಿತು. ಕಹಿ ಹಾಲಿನ ವಾಸನೆ ಎದ್ದಿತು. ಒಂದು ಮುಳ್ಳು ತೋರುಬೆರಳಿನ ಉಗುರಿನಡಿ ಮುರಿಯಿತು.

ಪಟ್ಟಣಕ್ಕೆ ಮರಳಿ ಮುಂದಿನದೆಲ್ಲವನ್ನೂ ಅವನು ಕ್ರಮವಾಗಿಯೇ ಮಾಡಿದ. ಹಾಲು ನಿಲ್ಲುವವರೆಗೆ ತುಂಡುಗಳನ್ನು ನೀರಿನಲ್ಲಿ ಅದ್ದಿದ. ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದೆಂದು ಮುಖ ದೂರವಿಟ್ಟ. ಕತ್ತರಿಸಿದ ತುದಿ ಮಾಗಲೆಂದು ವಾರವಿಡೀ ನೆರಳಿನಲ್ಲಿ ಒಣಗಿಸಿದ. ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟು, ಮೇಲ್ಮಣ್ಣು ಒಣಗಿದ ಮೇಲೆ ಮಾತ್ರ ನೀರು ಹಾಕಿದ. ತಿಂಗಳೊಳಗೆ ಏಳೂ ಬೇರು ಬಿಟ್ಟವು. ಮೊದಲು ಹೂ ಬಂದ ಕುಂಡವನ್ನು ಹೆಸರು ಗೊತ್ತಿಲ್ಲದ ದಾರಿಹೋಕನೊಬ್ಬ ಕೊಂಡುಹೋದ.

ಅದೇ ವಾರ ಸದ್ದು ಶುರುವಾಯಿತು. ದಿನವೂ ನಡುಮಧ್ಯಾಹ್ನ. ಮಲಗುವ ಕೋಣೆಯ ಗೋಡೆಗೆ ಒಣಮುಳ್ಳು ಎಳೆದಂತೆ. ಹೊರಗೆ ನೋಡಿದರೆ ಬರಿ ಬಿಸಿಲು.

"ಇಲ್ಲಿ ನೋಡ್ರೀ," ಲಾಂತು ಬಟ್ಟೆ ಸರಿಸಿದಳು. ಹೊಟ್ಟೆಯ ಮೇಲೆ ತೆಳು ಗೀರು, ಹೊಕ್ಕುಳಿಂದ ನಾಲ್ಕು ಬೆರಳು ದೂರ.

"ಬೆಕ್ಕು ಪರಚಿರಬೇಕು."

"ನಮ್ಮನೇಲಿ ಬೆಕ್ಕೆಲ್ಲಿದೆ?"

ಮರುದಿನ ಮೂರು ಬೆರಳು. ಅದರ ಮರುದಿನ ಎರಡು. ಕೂಸು ಒದೆಯುವುದನ್ನು ನಿಲ್ಲಿಸಿತು. ಆಸ್ಪತ್ರೆಯಲ್ಲಿ ಎಲ್ಲ ಸರಿಯಿದೆ ಎಂದರು. ಸುಲುಫುವಿನ ತೋರುಬೆರಳೂ ಸೆಟೆದಿತ್ತು. ಬೂದುಬಣ್ಣ, ಒರಟು ತೊಗಟೆ. ಅದನ್ನು ಮಡಚಲು ನೋಡಿದ. ಮಡಚಲು ಬರಲಿಲ್ಲ.

ಆರು ಕುಂಡಗಳನ್ನೂ ಲಾಂತುವನ್ನೂ ವ್ಯಾನು ಹತ್ತಿಸಿಕೊಂಡು ಊರಿಗೆ ಓಡಿಬಂದ. ಅಜ್ಜಿ ಮೊಮ್ಮಗಳ ಹೊಟ್ಟೆ ನೋಡಿದಳು. ಗೀರು ಒಂದೇ ಬೆರಳಿನ ದೂರದಲ್ಲಿತ್ತು.

"ಮಾಟಗಾತಿ ಅವಳು. ಹುಟ್ಟದ ಕೂಸುಗಳನ್ನೇ ತಿಂದೋಳು. ಬೇಲಿ ದನ ಒಳಗೆ ಬರದಿರಲಿ ಅಂತ ಅಲ್ಲಪ್ಪ. ಅವಳು ಹೊರಗೆ ಬರದಿರಲಿ ಅಂತ." ಅಜ್ಜಿ ಅವನತ್ತ ತಿರುಗಿದಳು. "ಎಷ್ಟು ಕಿತ್ತೆ?"

"ಏಳು."

"ತಂದಿದ್ದು?"

ಅವನು ವ್ಯಾನಿನಿಂದ ಆರು ಕುಂಡ ಇಳಿಸಿದ.

"ಸೂರ್ಯ ನೆತ್ತಿಗೆ ಬರೋದ್ರೊಳಗೆ ಕಂಡಿ ಮುಚ್ಚು. ಆ ಬೇಲೀದೇ ಆಗ್ಬೇಕು. ಬೇರೆ ಕಳ್ಳಿ ಅವಳನ್ನ ತಡೆಯಲ್ಲ."

ಅವನು ಗುಡ್ಡ ಹತ್ತಿದ. ಗೋರಿಯ ಮೇಲೆ ಕಬ್ಬಿನ ಸಾರಾಯಿ ಸುರಿದ. ಅಗೆದ. ನೆಟ್ಟ. ಒಳಮುಖವಾಗಿ ಬಗ್ಗಿಸಿದ. ಕಟ್ಟಿದ. ಆರು. ಇನ್ನೊಂದು ಗಿಡದಷ್ಟು ಕಂಡಿ. ಅವನ ನೆರಳು ಕಾಲಬುಡಕ್ಕೆ ಸರಿದಿತ್ತು. ಗಾಳಿ ನಿಂತಿತು. ಕಂಡಿಯಿಂದ ಏನೋ ಹೊರಗೆ ತೆವಳಿತು. ಕಾಣಲಿಲ್ಲ. ಮಣ್ಣಿನ ಮೇಲೆ ಗೀರು ಮಾತ್ರ ಮೂಡುತ್ತ ಹೋಯಿತು, ಊರಿನ ಕಡೆಗೆ. ಕೆಳಗೆ ಲಾಂತು ಚೀರಿದಳು.

ಅವನು ತನ್ನ ಬೆರಳನ್ನು ನೋಡಿದ. ಬೂದು ತೊಗಟೆ. ಗೆಣ್ಣಿನ ಬಳಿ ಎಳೆ ಮುಳ್ಳು.

ಆ ಬೇಲಿಯದೇ ಆಗಬೇಕು.

ಕೈಯನ್ನು ಕಲ್ಲಿನ ಮೇಲಿಟ್ಟ. ಕತ್ತಿ ಎತ್ತಿದ. ರಕ್ತ ಬರಲಿಲ್ಲ. ಬಿಳಿ ಹಾಲು ಬಂತು, ಕಹಿ ವಾಸನೆಯ ಹಾಲು. ಒಣಗಿಸಲು ವಾರವಿರಲಿಲ್ಲ. ಹಸಿಯಾಗಿಯೇ ನೆಟ್ಟ.

ಗೀರು ನಿಂತಿತು.

ಸಂಜೆ ಲಾಂತು ಅವನ ಉಳಿದ ಬೆರಳುಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. ಕೂಸು ಒದೆಯಿತು.

ವರ್ಷದ ಮಗಳನ್ನು ಹಿರಿಯರಿಗೆ ತೋರಿಸಲು ಅವರು ಮತ್ತೆ ಬಂದಾಗ ಕಂಡಿಯಿದ್ದ ಜಾಗದಲ್ಲಿ ಬೇಲಿ ದಟ್ಟವಾಗಿತ್ತು. ಏಳನೆಯ ಗಿಡ ಎಲ್ಲಕ್ಕಿಂತ ಎತ್ತರ, ಮೈತುಂಬ ಹಳದಿ ಹೂ. ಅಂಗಳದಲ್ಲಿ ಅಪ್ಪನ ಹೆಗಲೇರಿದ್ದ ಮಗು ಅದನ್ನು ಕಂಡು ಕೇಕೆ ಹಾಕಿತು. ಪುಟ್ಟ ತೋರುಬೆರಳನ್ನು ನೆಟ್ಟಗೆ ಗೋರಿಯತ್ತ ಚಾಚಿತು.

"ಬೆರಳು ಮಡಚು!"

ಈ ಸಲ ಕೂಗಿದವನು ಸುಲುಫು. ಮಗಳನ್ನು ಕೆಳಗಿಳಿಸಿ, ಅವಳ ಬೆರಳನ್ನು ತನ್ನ ತೋರುಬೆರಳಿಲ್ಲದ ಕೈಯಲ್ಲಿ ಹಿಡಿದು ಮೆಲ್ಲಗೆ ಒತ್ತಿದ. ಅದು ಬಾಗುವವರೆಗೆ ಉಸಿರು ಬಿಡಲಿಲ್ಲ.